ಮಾಸ್ತಪ್ಪನ ಪೆಟ್ರೋಲು

ವರದಾ ಹೊಳೆಯ ಕಡವಿನಲ್ಲಿ ಮೋಟಾರು ದೋಣಿ ನಡೆಸುವ ಮಾಸ್ತಪ್ಪನನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸುತ್ತದೆ. ಅವನ ದೋಣಿಗಿರುವುದು ಹರಾಜಿನಲ್ಲಿ ಕೊಂಡ ರೇಸಿನ ಎಂಜಿನ್ನು. ಶಿಕಾರಿಪುರದಿಂದ ಬರುವ ಪೆಟ್ರೋಲು ಬಸ್ಸಿಗೆ ಸಾಕು, ಅದಕ್ಕೆ ಸಾಲದು. ಬರಿಯ ಪೆಟ್ರೋಲು ಕುಡಿಸಿದರೆ ಎಂಜಿನ್ನು ಒಳಗೊಳಗೇ ಟಕಟಕ ಬಡಿದುಕೊಂಡು ನಡುಹೊಳೆಯಲ್ಲಿ ಸೋಲುತ್ತದೆ. ಆದ್ದರಿಂದ ಅವನು ಪ್ರತಿ ಸಲವೂ ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿ, ಗ್ಯಾಲನ್ನಿಗೆ ಮೂರು ಪಾವು ಬೆಂಜಾಲ್ ಎಂಬ ಎಣ್ಣೆ ಬೆರೆಸಿ, ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಡಿತ ಉಂಟೋ ಇಲ್ಲವೋ ನೋಡುತ್ತಾನೆ. "ಆಕ್ಟೇನು ಅಂದ್ರೆ ಪೆಟ್ರೋಲಿನ ತಾಳ್ಮೆ ಕಣ್ರೀ. ತಾಳ್ಮೆ ಇಲ್ದಿದ್ದು ಕಿಡಿ ಕರೆಯೋಕೆ ಮುಂಚೆನೇ ಹತ್ಕಳ್ತದೆ," ಎನ್ನುತ್ತಾನೆ. ಊರವರ ತಾಳ್ಮೆಗೂ ನಂಬರು ಕೊಟ್ಟಿದ್ದಾನೆ: ಮೇಷ್ಟ್ರಿಗೆ ಎಂಬತ್ತು, ಶಾನುಭೋಗರಿಗೆ ನಲವತ್ತು. "ನಿಮ್ಮದು ಸೊನ್ನೆ. ಅನ್ನ ಐದು ನಿಮಿಷ ತಡ ಆದ್ರೆ ನಂಗೆ ಗೊತ್ತಾಗ್ತದೆ," ಎಂದು ಹೆಂಡತಿ ಯಮುನಮ್ಮ ನಗುತ್ತಾಳೆ. ಕಳೆದ ಆಷಾಢದ ನೆರೆಯಲ್ಲಿ, ಹೆರಿಗೆ ನೋವು ತಿನ್ನುತ್ತಿದ್ದ ಹುಡುಗಿಯೊಬ್ಬಳನ್ನು ಸೊರಬದ ಆಸ್ಪತ್ರೆಗೆಂದು ಹೊಳೆ ದಾಟಿಸಬೇಕಾಯಿತು. ದಡದವರೆಲ್ಲ "ಹೊರಡೋ ಮಾರಾಯ, ನಿಂದೇನು ಕಲ್ಲೆದೆಯಾ?" ಎಂದು ಕೂಗುತ್ತಿದ್ದರೂ ಅವನು ಪಾವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆಯುತ್ತಲೇ ಇದ್ದ. ಆಮೇಲೆ ದೋಣಿ ಒಂದು ಬಡಿತವೂ ಇಲ್ಲದೆ ನೆರೆಯನ್ನು ಸೀಳಿಕೊಂಡು ಹೋಯಿತು. ಆಚೆ ದಡದಲ್ಲಿ ಹಗ್ಗ ಕಟ್ಟಲು ಬಗ್ಗಿದವನಿಗೆ ಮೂರು ಸಲ ಹಾಕಿದರೂ ಗಂಟು ನಿಲ್ಲಲಿಲ್ಲ. ಎತ್ತಿನ ಗಾಡಿಯಲ್ಲಿ ಮಲಗಿಸಿದ್ದ ಹುಡುಗಿ ಕೈ ಚಾಚಿ, "ಅಪ್ಪಾ, ಬಾ. ಹಗ್ಗ ಯಾರಾದ್ರೂ ಕಟ್ತಾರೆ," ಎಂದಳು.