ಅಟ್ಟಕ್ಕೆ ಆಗದ ಕಾಲು

೧೯೭೨ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೆಯ ತರಗತಿ. ಫೇಲಾಗಿ ಬಿಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ಉಬ್ಬಸ ಜೋರಾಗಿ ಕಾಯಿ ಸುಲಿಯಲು ಆಗದೆ ಹೋಯಿತು. ಅವರ ಹಾರೆ ನನ್ನ ಕೈಗೆ ಬಂತು. ಹಾರೆಯನ್ನು ಮೊನೆ ಮೇಲಾಗಿ ನೆಲಕ್ಕೆ ನೆಟ್ಟು, ಕಾಯಿಯನ್ನು ಅದಕ್ಕೆ ಚುಚ್ಚಿ ತಿರುವಿ ಮಟ್ಟೆ ಬಿಡಿಸುವ ಕೆಲಸ. ನಾಲ್ಕೈದು ವರ್ಷಗಳಲ್ಲಿ ದಬ್ಬೇಘಟ್ಟದ ಸುತ್ತಮುತ್ತ ನನ್ನಷ್ಟು ಬೇಗ ಸುಲಿಯುವವನು ಇನ್ನೊಬ್ಬನಿರಲಿಲ್ಲ. ಇದು ಜಂಬವಲ್ಲ, ಆಗಿನವರನ್ನು ಕೇಳಿ ನೋಡಬಹುದು.

ಆ ಕಾಲದಲ್ಲಿ ಸಾಹುಕಾರ, ಆಳು ಎಲ್ಲ ಒಂದೇ ಮನೆಯವರಂತಿದ್ದರು ಎಂದು ಈಗ ಕೆಲವರು ಹೇಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ.

ನಾನು ಮತ್ತು ನನ್ನ ಗೆಳೆಯ ಒಂದೇ ಬೀದಿಯವರು, ಒಬ್ಬನೇ ಸಾಹುಕಾರನ ತೋಟದ ಮನೆಯಲ್ಲಿ ದುಡಿಯುತ್ತಿದ್ದೆವು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಇಳಿಸಿ, ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯಬೇಕು. ವರ್ಷದಲ್ಲಿ ಗಟ್ಟಿಯಾಗಿ ಸಿಗುತ್ತಿದ್ದ ಕೆಲಸ ಅದೊಂದೇ. ಸಂಜೆಯಾದರೆ ನನ್ನ ಸೊಂಟ ಹಿಡಿದುಕೊಳ್ಳುತ್ತಿತ್ತು, ಅವನ ಅಂಗೈ ಬಿರುಕು ಬಿಡುತ್ತಿತ್ತು. ಅವನು ನನ್ನ ಸೊಂಟಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದ, ನಾನು ಅವನ ಅಂಗೈಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದೆ. ಹಚ್ಚುತ್ತ ಮಾತಾಡುತ್ತಿದ್ದುದು ಮಾತ್ರ ಬಟ್ಟೆಯ ವಿಚಾರ. ಕಾಲರ್ ಎಷ್ಟು ಉದ್ದ ಇರಬೇಕು, ಕಿವಿ ಮುಚ್ಚುವಂತೆ ಕೂದಲು ಬಿಟ್ಟರೆ ಮುಖಕ್ಕೆ ಒಪ್ಪುತ್ತದೆಯೇ, ತಿಪಟೂರಿನ ಟೈಲರ್ ಬೆಲ್‌ಬಾಟಮ್ಮಿನ ಅಗಲವನ್ನು ಯಾಕೆ ಕದಿಯುತ್ತಾನೆ. ಇಬ್ಬರೂ ಒಂದೇ ತಾನಿನ ಕಾಫಿಪುಡಿ ಬಣ್ಣದ ಬಟ್ಟೆ ತಂದು ಬೆಲ್‌ಬಾಟಮ್ ಹೊಲಿಸಿದ್ದೆವು. ನನ್ನದು ಅವನದಕ್ಕಿಂತ ಅಗಲ. ಅದಕ್ಕೆ ಅವನಿಗೆ ಹೊಟ್ಟೆಕಿಚ್ಚು.

ಅವನಲ್ಲಿ ಇನ್ನೊಂದು ವಿಶೇಷವಿತ್ತು. ಅವನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಕಾಲಿನಿಂದ ಮೂರು ಸಲ ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಉಳುಕಿದವರು ಬಂದು ಅವನ ಮುಂದೆ ಬೋರಲು ಮಲಗುತ್ತಿದ್ದರು. ಯಾರು ಕರೆದರೂ ಅವನು ಇಲ್ಲ ಎನ್ನುವಂತಿಲ್ಲ, ಬದಲಿಗೆ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಒಂದು ಲೋಟ ಕಾಫಿ ಕುಡಿದರೂ ಕಾಲಿನ ಗುಣ ಹೋಗುತ್ತದೆ ಎಂದು ಅವನ ಅಜ್ಜಿ ಕಟ್ಟುನಿಟ್ಟು ಮಾಡಿದ್ದಳು.

ಒಂದು ದಿನ ಕರಟ ಒಡೆಯುವಾಗ ಮಚ್ಚು ಜಾರಿ ಅವನ ಬಲಗಾಲಿನ ಹರಡಿನ ಮೇಲೆ ಬಿತ್ತು. ಸೈಕಲ್ಲಿನಲ್ಲಿ ಕೂರಿಸಿಕೊಂಡು ತುರುವೇಕೆರೆಗೆ ಹೋಗಿ ಹೊಲಿಗೆ ಹಾಕಿಸಿ, ಇಂಜೆಕ್ಷನ್ ಕೊಡಿಸಿ ಕರೆತಂದೆ. ಅವನಿಗೆ ನೋವಿಗಿಂತ ಭಯ ಹೆಚ್ಚಾಗಿತ್ತು. ಗಾಯವಿದ್ದವನು ಅಟ್ಟ ಹತ್ತಿದರೆ ಕೊಬ್ಬರಿ ಕೊಳೆಯುತ್ತದೆ ಎಂದು ನಮ್ಮ ಸಾಹುಕಾರ ನಂಬಿದ್ದ. ಗೊತ್ತಾದರೆ ಮನೆಗೆ ಕಳಿಸುತ್ತಾನೆ, ಆ ಸಲದ ಕೆಲಸ ಹೋದಂತೆಯೇ.

"ಬ್ಯಾಂಡೇಜ್ ಮುಚ್ಕೋಬೇಕಲ್ಲೋ," ಅಂದ.

"ಪ್ಯಾಂಟ್ ಹಾಕ್ಕೊಂಡು ಬಾರ್ಲಾ."

"ನಂದು ಸಾಲಲ್ಲ ಕಣ್ಲಾ. ನಿಂದು ಕೊಡು, ಬೆರಳ ತನಕ ಮುಚ್ತದೆ."

"ಬಂದ್ಯಲ್ಲ ದಾರಿಗೆ! ಗಾಯ ಆಗಿದ್ದೇ ನನ್ ಪ್ಯಾಂಟ್ ಹೊಡ್ಯಕ್ಕೆ ಅನ್ನು."

ನಗುತ್ತಲೇ ಕೊಟ್ಟೆ. ಚಡ್ಡಿ ಹಾಕಿಕೊಂಡು ಮಾಡುವ ಕೆಲಸಕ್ಕೆ ಅವನು ಬೆಲ್‌ಬಾಟಮ್ಮಿನಲ್ಲಿ ಬಂದ. ಮಟ್ಟೆಯ ನಾರೆಲ್ಲ ಅದರ ಅಂಚಿಗೆ ಸಿಕ್ಕಿಕೊಂಡಿತ್ತು. ಎರಡು ದಿನ ಹೇಗೋ ಕಳೆಯಿತು. ಮೂರನೆಯ ದಿನ ಸಾಹುಕಾರ ಅಂಗಳಕ್ಕೆ ಬಂದು ನಿಂತ.

"ಏನ್ಲಾ, ಲಂಗ ಉಟ್ಕೊಂಡ್ ಬಂದಿದೀಯ? ಕಾಯಿ ಸುಲಿಯೋ ನನ್ಮಗನಿಗೆ ಷೋಕಿ ಕೇಡು. ಎತ್ತು ಅದನ್ನ, ಕಾಲು ನೋಡಾಣ."

ಗೆಳೆಯ ಎತ್ತಲಿಲ್ಲ. ಸಾಹುಕಾರ ಕೈಯಲ್ಲಿದ್ದ ಕೊಡೆಯ ತುದಿಯಿಂದ ಪ್ಯಾಂಟಿನ ಅಂಚನ್ನು ತಾನೇ ಎತ್ತಿದ. ಬ್ಯಾಂಡೇಜ್ ಕಂಡಿತು. ಎಲ್ಲರ ಮುಂದೆ, ದನವನ್ನು ಹೊಡೆದಟ್ಟುವಂತೆ, ಅವನನ್ನು ಹೊರಗೆ ಕಳಿಸಿದ. ಅಷ್ಟಕ್ಕೇ ಸುಮ್ಮನಾಗದೆ ಅವನು ತುಳಿದಿದ್ದ ಅಟ್ಟಕ್ಕೆ ಗಂಜಲ ಚಿಮುಕಿಸಿದ. ಗಾಯವಾಗಿದ್ದು ಸಾಹುಕಾರನದೇ ಕಾಯಿ ಒಡೆಯುವಾಗ ಎಂದು ನಾನು ಬಾಯಿಬಿಟ್ಟು ಹೇಳಿದೆ. "ನೀನೂ ಹೋಗ್ತೀಯೇನು?" ಅಂದ. ಗೆಳೆಯ ಕಣ್ಣಲ್ಲೇ ಬೇಡ ಅಂದ. ಹಲ್ಲು ಕಚ್ಚಿ ಉಳಿದೆ.

ವಾರ ಕಳೆದಿರಲಿಲ್ಲ, ಸಾಹುಕಾರ ಒಂದು ಚೀಲ ಎಳೆಯಲು ಹೋಗಿ ಸೊಂಟ ಉಳುಕಿಸಿಕೊಂಡ. ಮಲಗಿದರೆ ಏಳಲಾಗದು, ಎದ್ದರೆ ಕೂರಲಾಗದು. ಆಗ ನೆನಪಾಯಿತು ನೋಡಿ, ನನ್ನ ಗೆಳೆಯನ ಕಾಲು! ಹೇಳಿಕಳಿಸಿದ. ಯಾರಿಗೂ ಕಾಣದಂತೆ ಹಿತ್ತಲ ಬಾಗಿಲಲ್ಲಿ ಬಾ ಎಂದೂ ಸೇರಿಸಿದ್ದ.

"ಹೋಗ್ಬ್ಯಾಡ ಕಣ್ಲಾ," ಅಂದೆ.

"ಇಲ್ಲ ಅನ್ನಂಗಿಲ್ವಲ್ಲೋ."

"ಹಂಗಾದ್ರೆ ಕೆಲ್ಸ ವಾಪಸ್ ಕೊಡು ಅಂತ ಕೇಳು. ಆಮೇಲೆ ಒದಿ."

"ಕೇಳಿದ್ರೆ ಮಾರ್ಕೊಂಡಂಗಾಯ್ತದೆ. ಬುಡು."

ಅವನು ಕುಂಟುತ್ತ ಹೊರಟ. ಬಿಡಲು ಮನಸ್ಸಾಗದೆ ನಾನೂ ಹೋದೆ. ಸಾಹುಕಾರ ಸೊಂಟಕ್ಕೆ ಹರಳೆಣ್ಣೆ ಬಳಿಸಿಕೊಂಡು ಚಾಪೆಯ ಮೇಲೆ ಬೋರಲು ಮಲಗಿ ನರಳುತ್ತಿದ್ದ. ಒದೆಯುವುದು ಬಲಗಾಲಿನಿಂದಲೇ ಆಗಬೇಕು. ಗೆಳೆಯ ಎಡಗಾಲಿನ ಮೇಲೆ ನಿಲ್ಲಲು ನನ್ನ ಹೆಗಲು ಹಿಡಿದುಕೊಂಡು, ಬ್ಯಾಂಡೇಜು ಸುತ್ತಿದ ಬಲಗಾಲನ್ನು ಎತ್ತಿ ಆ ಬೆನ್ನಿನ ಮೇಲಿಟ್ಟ. ಅಟ್ಟಕ್ಕೆ ಆಗದ ಕಾಲು ಬೆನ್ನಿಗೆ ಆಯಿತು! ಅದನ್ನು ಒದೆ ಅನ್ನುವಂತಿಲ್ಲ, ಮಗುವನ್ನು ತಟ್ಟಿ ಮಲಗಿಸುವ ಹಾಗೆ ಮೂರು ಸಲ ಮೆಲ್ಲಗೆ ತಾಗಿಸಿದ. ನನ್ನ ಕಾಲಾಗಿದ್ದರೆ ತಾಗಿಸುವ ರೀತಿಯೇ ಬೇರೆ ಇರುತ್ತಿತ್ತು.

ಸಾಹುಕಾರ ಸ್ವಲ್ಪ ಹೊತ್ತು ಬಿಟ್ಟು ಗೋಡೆ ಹಿಡಿದು ಎದ್ದು ಕುಳಿತ. ಕಾಲಿನ ಗುಣವೋ ಎಣ್ಣೆಯ ಗುಣವೋ, ನನಗೆ ಗೊತ್ತಿಲ್ಲ. ತಡೆಯಲಾಗದೆ ಕೇಳಿದೆ.

"ಸಾವ್ಕಾರ್ರೇ, ನಾಳೆಯಿಂದ ಇವನು ಕೆಲ್ಸಕ್ಕೆ ಬರ್ಲಾ?"

"ಗಾಯ ಇನ್ನೂ ಒಣಗಿಲ್ವಲ್ಲಯ್ಯ. ಇದು ಬೇರೆ, ಅಟ್ಟ ಬೇರೆ. ಮುಂದಿನ ವರ್ಷ ನೋಡಾಣ."

ಒಂಚೂರೂ ನಾಚಿಕೆಯಿಲ್ಲದೆ ಅಂದ. ಗೆಳೆಯ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದ. ದಾರಿಯುದ್ದಕ್ಕೂ ನಾನು ಬೈದದ್ದು ಗೆಳೆಯನನ್ನೇ.

"ನಾನು ಕೇಳ್ಬ್ಯಾಡ ಅಂದ್ರೂ ಯಾಕ್ಲಾ ಕೇಳ್ದೆ?" ಅಂದ.

"ನಾನೇನು ಕಾಲು ಮುಂದಾಗಿ ಹುಟ್ಟಿದ್ನಾ? ಬಾಯಿ ಮುಂದಾಗಿ ಹುಟ್ಟಿದೋನು. ಕೇಳ್ತೀನಿ!"

ಅವನು ರಸ್ತೆಯಲ್ಲೇ ಕುಳಿತು ನಕ್ಕ. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಎದ್ದವನೇ ಹೋಗಿ, ಸಾಹುಕಾರನ ಅಂಗಳದಲ್ಲಿ ನೆಟ್ಟಿದ್ದ ನನ್ನ ಹಾರೆಯನ್ನು ಅಲ್ಲಾಡಿಸಿ ಕಿತ್ತೆ. ಅರ್ಧ ಅಟ್ಟ ಕಾಯಿ ಇನ್ನೂ ಹಾಗೇ ಇತ್ತು. "ಯಾರು ಸುಲೀತಾರೋ ಇದನ್ನ?" ಅಂತ ಸಾಹುಕಾರ ಒಳಗಿನಿಂದ ಕೂಗಿದ. "ಮುಂದಿನ ವರ್ಷ ನೋಡಾಣ" ಅಂದು ಬಂದೆ.

ಚಿಕ್ಕನಾಯಕನಹಳ್ಳಿ ಕಡೆ, ಶೆಟ್ಟಿಕೆರೆಯ ಆಚೀಚೆ, ನಾವಿಬ್ಬರೇ ಗುತ್ತಿಗೆ ಹಿಡಿದು ಮನೆಮನೆ ತಿರುಗಿದೆವು. ಗಾಯ ಒಣಗುವ ತನಕ ಅವನು ಕೂತು ಕರಟ ಒಡೆದ, ಇಬ್ಬರ ಪಾಲಿನ ಸುಲಿತ ನನ್ನದು. ಎರಡು ಸಲ ಹೇಳಿಕಳಿಸಿದರೂ ಆ ಸಾಹುಕಾರನ ಮನೆಗೆ ನಾನು ಹೋಗಲಿಲ್ಲ. ಅವನ ಸೊಂಟ ಮತ್ತೆ ಹಿಡಿದಾಗ ಗೆಳೆಯ ಹೋದ. ಆ ವಿಚಾರಕ್ಕೆ ನಮ್ಮಿಬ್ಬರಿಗೆ ಇವತ್ತಿಗೂ ಜಗಳ ನಡೆಯುತ್ತದೆ, ಪಕ್ಕಪಕ್ಕದ ಜಗುಲಿಯಲ್ಲಿ ಕೂತು.

ಈಗ ನನಗೆ, ಸುಲಿದು ಕೂಡಿಟ್ಟ ದುಡ್ಡಿನಿಂದ ಮಾಡಿಕೊಂಡ ತೊಂಬತ್ತೆರಡು ತೆಂಗಿನ ಮರ ಇವೆ. ಒಂದು ಹೆಂಚಿನ ಮನೆ, ಒಂದು ಬಾವಿ, ಎರಡು ಹಸು, ಒಂದು ಕರು.