ಓದದೆ ಹಾಕಿದ ಸಹಿ

ಹಳೆಯ ಮೇಜಿನ ಖಾನೆ ಖಾಲಿ ಮಾಡುವಾಗ ಒಂದು ಕಟ್ಟು ಕಾರ್ಬನ್ ಹಾಳೆ ಸಿಕ್ಕಿತು. ಮೂಸಿದರೆ ಇನ್ನೂ ಅದೇ ಎಣ್ಣೆಯಂಥ ವಾಸನೆ. ಆ ವಾಸನೆಗೆ ನೆನಪಾದದ್ದು ಬಸ್ರೂರಿನ ನಮ್ಮ ಪಕ್ಕದ ಮನೆಯ ಅಣ್ಣಯ್ಯ. ನಾನು ಟೈಪ್ ಮಾಡಿದ ಕಾಗದವನ್ನು ಮೂರು ಸಲ ಓದಿಸಿಕೊಳ್ಳದೆ ಅವರು ಸಹಿ ಹಾಕುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು… ನಾನು ಕುಂದಾಪುರದಲ್ಲಿ ಅರ್ಜಿ, ಅಫಿಡವಿಟ್ ಟೈಪ್ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಆರು ವರ್ಷ ಗಲ್ಫಿನಲ್ಲಿ ಎ.ಸಿ. ರಿಪೇರಿ ಮಾಡಿಕೊಂಡಿದ್ದ ಅಣ್ಣಯ್ಯ ಒಂದು ಮಧ್ಯಾಹ್ನ ಹವಾಯಿ ಚಪ್ಪಲಿಯಲ್ಲಿ, ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಹಿಡಿದು ಬಸ್ಸಿನಿಂದ ಇಳಿದರು. ಪೆಟ್ಟಿಗೆ ಇಲ್ಲ, ಸೆಂಟಿನ ಬಾಟಲಿ ಇಲ್ಲ. ಗಲ್ಫಿನಿಂದ ಯಾರೂ ಹಾಗೆ ಬರುವುದಿಲ್ಲ. ಕದ್ದು ಸಿಕ್ಕಿಬಿದ್ದಿರಬೇಕು ಎಂದರು ಕೆಲವರು, ಏನನ್ನೋ ಸಾಗಿಸಿರಬೇಕು ಎಂದರು ಕೆಲವರು. ಅಮ್ಮ ನನ್ನನ್ನು ಒಳಗೆ ಕರೆದು, "ಜೈಲಂಗ್ ಇದ್ದ್ ಬಂದದ್ದ್ ಅಂಬ್ರ್. ನೀ ಹೆಚ್ಚ್ ಮಾತಾಡ್ಸುಕ್ ಹೋಯ್ಬೇಡ" ಎಂದಳು.

ಎರಡು ವಾರ ಕಳೆದು ಅವರೇ ಅಂಗಡಿಗೆ ಬಂದರು. ಅರ್ಜಿ ಬರೆಸಬೇಕಿತ್ತು. ಅವರು ಹೇಳಿದ್ದು ಇಷ್ಟು. ಮಾಲೀಕ ವೀಸಾ ನವೀಕರಿಸಿರಲಿಲ್ಲ. ರಸ್ತೆಯ ತಪಾಸಣೆಯಲ್ಲಿ ಹಿಡಿದು, ಗಡೀಪಾರು ಮಾಡುವವರನ್ನು ಇಡುವ ಲಾಕಪ್ಪಿಗೆ ಹಾಕಿದರು. ಅಲ್ಲಿ ಕಿರಿಮಂಜೇಶ್ವರ ಕಡೆಯ ಒಬ್ಬ ಯುವಕನಿದ್ದ. ಅವನಿಗೆ ಉಬ್ಬಸ. ಒಳಗೆ ಬಿಡುವಾಗ ಬೆಲ್ಟು, ಮೊಬೈಲಿನ ಜೊತೆ ಬಾಯಿಗೆ ಹಿಡಿದು ಎಳೆದುಕೊಳ್ಳುವ ಅವನ ಪಂಪನ್ನೂ ಕಸಿದುಕೊಂಡಿದ್ದರು.

"ಮೂರ್ ದಿನ ಪಂಪ್ ಕೊಡಿ, ಪಂಪ್ ಕೊಡಿ ಅಂದ ಅವ. ನಾನೂ ಕಂಬಿ ಬಡ್ದ್ ಕೂಗ್ದೆ. ನಾಟ್ಕ ಮಾಡ್ತ್ರಿ ಅಂದ್ರ್."

ನಾಲ್ಕನೆಯ ಬೆಳಿಗ್ಗೆ ಆ ಹುಡುಗ ಇವರ ತೊಡೆಯ ಮೇಲೆ ತಲೆಯಿಟ್ಟು ಸತ್ತ. ಕಾಗದದಲ್ಲಿ ಹೃದಯಾಘಾತ ಎಂದು ಬಂತು. ಪಂಪು ಕಸಿದವರು ಯಾರು, ಅದಕ್ಕೆ ಉತ್ತರ ಕೊಡುವವರು ಯಾರು ಎಂದು ರಾಯಭಾರ ಕಚೇರಿಗೂ ದೆಹಲಿಗೂ ಬರೆಯಬೇಕಿತ್ತು ಅವರಿಗೆ.

ನಾನು ಟೈಪ್ ಮಾಡಿದೆ, ಆದರೆ ನಂಬಲಿಲ್ಲ. ತನ್ನ ಹೊಟ್ಟೆಪಾಡೇ ಹೋಗಿರುವಾಗ ಬೇರೆಯವರ ಸಾವಿನ ಬೆನ್ನು ಹತ್ತುವುದು ಏಕೆ? ಪರಿಹಾರದಲ್ಲಿ ಪಾಲಿನ ಆಸೆಯೋ, ಅಥವಾ ಆ ಲಾಕಪ್ಪಿನಲ್ಲಿ ಇವರೇ ಏನಾದರೂ…

ತಿಂಗಳೊಳಗೆ, ಅಣ್ಣಯ್ಯ ಅರ್ಜಿ ಬರೆಸುತ್ತಿರುವ ಸುದ್ದಿ ಕೇಳಿ ಆ ಯುವಕನ ಹೆಂಡತಿ ನಮ್ಮ ಅಂಗಡಿ ಹುಡುಕಿಕೊಂಡು ಬಂದರು. ಶವದ ಜೊತೆ ಬಂದ ಕಾಗದಗಳನ್ನು ಮೇಜಿನ ಮೇಲಿಟ್ಟರು. ಒಂದು ಅರಬ್ಬಿ ಹೇಳಿಕೆ, ಅದರ ಹಿಂದೆ ಇಂಗ್ಲಿಷ್ ಅನುವಾದ: ಮೃತನಿಗೆ ಯಾವ ಕಾಯಿಲೆಯೂ ಇರಲಿಲ್ಲ, ಅವನು ಔಷಧ ಕೇಳಲಿಲ್ಲ ಎಂದು ಜೊತೆಗಿದ್ದವನು ತಿಳಿಸಿದ್ದಾನೆ.

"ಈ ಸೈನ್ ಅವ್ರದೇಯಾ? ಸಮಾ ಕಂಡ್ ಹೇಳಿ."

ಅದು ಅಣ್ಣಯ್ಯನದೇ ಸಹಿ.

ಆ ಸಂಜೆ ಬೇಲಿಯ ಹತ್ತಿರ ನಿಂತು ಅವರನ್ನು ನೇರವಾಗಿ ಕೇಳಿದೆ.

"ಅರಬ್ಬಿಯಂಗ್ ಬರ್ದಿತ್ತ್. ಓದುಕ್ ಬತ್ತಿಲ್ಲೆ ಅಂದೆ. ಓದುದ್ ಬ್ಯಾಡ, ಸೈನ್ ಹಾಕ್ರೆ ನಾಳೆ ವಿಮಾನ ಅಂದ್ರ್. ಮನಿಗ್ ಬಪ್ಪ ಆಸಿ… ಹಾಕ್ದೆ. ಆ ಸೈನ್ ವಾಪಸ್ ತಕಂಬುಕೇ ಈ ಅರ್ಜಿ, ತಂಗಿ."

ಮುಂದಿನ ಭಾನುವಾರ ಇಬ್ಬರೂ ಕಿರಿಮಂಜೇಶ್ವರಕ್ಕೆ ಹೋದೆವು. ಅಂಗಳದಲ್ಲಿ ನಿಂತೇ ಅವರು ಆಕೆಗೆ ಎಲ್ಲ ಹೇಳಿದರು, ಸಹಿಯ ವಿಷಯವನ್ನೂ. ಆಕೆ ಕುಳಿತುಕೊಳ್ಳಿ ಎನ್ನಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು. "ಸಾಯ್ವ ಹೊತ್ತಿಗ್ ನೀರಾದ್ರೂ ಕುಡ್ದ್ರಾ?"

"ಎರಡ್ ಗುಟುಕ್. ನಾನೇ ಕುಡ್ಸ್‌ದೆ."

ಮುಂದಿನ ಅರ್ಜಿಗಳಿಗೆಲ್ಲ ಅಣ್ಣಯ್ಯನ ಜೊತೆ ಆಕೆಯೂ ಸಹಿ ಹಾಕಿದರು. ತಾನು ಓದದೆ ಸಹಿ ಹಾಕಿದ ಹೇಳಿಕೆ ಸುಳ್ಳು ಎಂದು ಅಣ್ಣಯ್ಯ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿದರು. ಇನ್ನು ಗಲ್ಫಿನ ಬಾಗಿಲು ಮುಚ್ಚಿದಂತೆಯೇ ಎಂದು ನೋಟರಿ ಎಚ್ಚರಿಸಿದರೂ ಕೇಳಲಿಲ್ಲ.

ಅದಾದ ಮೇಲೆ ಒಬ್ಬರು ಅಂಗಡಿಗೆ ಬಂದರು. ಯೂನಿಫಾರ್ಮ್ ಇರಲಿಲ್ಲ, ವಿಚಾರಣೆಗೆ ಬಂದವನು ಎಂದಷ್ಟೇ ಹೇಳಿಕೊಂಡರು. ಆ ಅಣ್ಣಯ್ಯ ಎಂಬವನು ಯಾರ ಪರವಾಗಿ ಬರೆಸುತ್ತಾನೆ, ಅವನ ಹಿಂದೆ ಯಾವ ಸಂಘಟನೆ ಇದೆ, ನಿಮಗೇನಾದರೂ ಅನುಮಾನ ಇದೆಯೇ… ನನಗೆ ಒಂದು ಕಾಲದಲ್ಲಿ ಅನುಮಾನ ಇದ್ದದ್ದು ನಿಜ. ಏನೋ ತಡವರಿಸಿದೆ. ಅವರು ಎರಡು ಪುಟ ಬರೆದು, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟರು. ಅಂಗಡಿಯ ಯಜಮಾನರು ಬೇಗ ಮುಗಿಸು ಎಂಬಂತೆ ನೋಡುತ್ತಿದ್ದರು. ಸಹಿ ಹಾಕಿದೆ.

ಸಂಜೆ ವಿಷಯ ತಿಳಿದು ಅಣ್ಣಯ್ಯ ಕೇಳಿದರು, "ಓದಿ ಹಾಕ್ದ್ಯಾ?"

"ಹೂಂ" ಎಂದೆ.

ಮೂರು ವರ್ಷ ಬರೆದ ಮೇಲೆ ಒಂದು ಉತ್ತರ ಬಂತು. ಒಳಗೆ ಬಿಡುವಾಗ ಆ ಯುವಕನಿಂದ ತೆಗೆದುಕೊಂಡ ವಸ್ತುಗಳ ಪಟ್ಟಿ ಅದರಲ್ಲಿತ್ತು. ಬೆಲ್ಟು, ಮೊಬೈಲು, ಕೈಗಡಿಯಾರ, ಉಬ್ಬಸದ ಪಂಪು ಒಂದು. ಅಣ್ಣಯ್ಯ ಆ ಸಾಲನ್ನು ಮೂರು ಸಲವಲ್ಲ, ಎಷ್ಟೋ ಸಲ ಓದಿಸಿದರು. ಅದನ್ನು ಕಸಿದವರು ಯಾರೆಂದು ಮತ್ತೆ ಬರೆದೆವು. ಪ್ರಕರಣ ಮುಕ್ತಾಯವಾಗಿದೆ ಎಂದು ಬಂತು. ಯಾರ ಹೆಸರೂ ಬರಲಿಲ್ಲ.

ಅವರ ಪಾಸ್‌ಪೋರ್ಟ್ ನವೀಕರಣದ ಅರ್ಜಿಯೂ ತಿರಸ್ಕೃತವಾಯಿತು. ಕಾರಣ, ವಿಚಾರಣೆಯಲ್ಲಿ ಬಂದ ಪ್ರತಿಕೂಲ ವರದಿ. "ಯಾರೋ ಎಂತದೋ ಬರ್ಸಿರ್, ತಂಗಿ" ಎನ್ನುತ್ತಿದ್ದರು. ಗಲ್ಫಿಗೆ ಕಳುಹಿಸಿದ್ದ ಏಜೆಂಟನನ್ನು ಶಂಕಿಸಿದರು, ದಾಯಾದಿಗಳನ್ನು ಶಂಕಿಸಿದರು, ಊರಿನ ಅರ್ಧ ಜನರನ್ನು ಶಂಕಿಸಿದರು. ನನ್ನನ್ನು ಮಾತ್ರ ಒಂದು ದಿನವೂ ಶಂಕಿಸಲಿಲ್ಲ. ಕುಂದಾಪುರದಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡೇ ಕಾಲ ಕಳೆದರು. ಅವರು ತೀರಿಕೊಂಡ ದಿನ ಕಿರಿಮಂಜೇಶ್ವರದ ಆಕೆ ಮೊದಲ ಬಸ್ಸಿಗೇ ಬಂದು, ಮನೆಯವರ ಸಾಲಿನಲ್ಲೇ ಕುಳಿತಿದ್ದರು.

ಆ ವರದಿಯ ಪ್ರತಿ ಕೋರಿ ಮಾಹಿತಿ ಹಕ್ಕಿನಡಿ ಒಂದು ಅರ್ಜಿಯನ್ನು ನಾನು ಯಾವತ್ತೋ ಟೈಪ್ ಮಾಡಿಟ್ಟಿದ್ದೇನೆ. ಕಳುಹಿಸಿಲ್ಲ. ನಾನು ಸಹಿ ಹಾಕಿದ ಆ ಎರಡು ಪುಟ ಕನ್ನಡದಲ್ಲೇ ಇದ್ದವು, ನನಗೆ ಓದಲು ಬರುತ್ತಿತ್ತು. ಅಣ್ಣಯ್ಯ ತಮ್ಮ ಸಹಿಯನ್ನು ಹಿಂದಕ್ಕೆ ಪಡೆದೇ ಹೋದರು. ನನ್ನ ಸಹಿಯ ಮೇಲೆ ಏನು ಬರೆದಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.