ಹಳದಿ ಕಾರ್ಡು ಹೇಳಿದ ಸುಳ್ಳು

ಆಫ್ರಿಕಾದಿಂದ ಅಂಜನಾಪುರಕ್ಕೆ ಬಂದ ಮರುದಿನವೇ ಜ್ವರ ಬಂತು. ಅಲ್ಲಿ ಎಂಟು ತಿಂಗಳು ಬೋರ್‌ವೆಲ್ ಲಾರಿಯಲ್ಲಿ ದುಡಿದ ಮೈ, ಪ್ರಯಾಣದ ದಣಿವು ಎಂದುಕೊಂಡೆ. ಐದನೆಯ ದಿನ, ಕುರಿಗಳಿಗೆ ಸೊಪ್ಪು ಹಾಕಿ ಬಂದ ಹೆಂಡತಿ ಗಿರಿಜಾ ನನ್ನ ಮುಖ ನೋಡಿ ನಿಂತೇಬಿಟ್ಟಳು.

"ಕಣ್ಣು ಅರಿಶಿಣ ಆಗಿದಾವಲ್ರೀ."

ಕಾಮಾಲೆ ಎಂದುಕೊಂಡು ಶಿಕಾರಿಪುರದ ಆಸ್ಪತ್ರೆಗೆ ಹೋದೆವು. ಆಫ್ರಿಕಾ ಎಂದ ಕೂಡಲೇ ಡಾಕ್ಟರು ಪೆನ್ನು ಕೆಳಗಿಟ್ಟರು. ಸಂಜೆಯೊಳಗೆ ನಾನು ಶಿವಮೊಗ್ಗದಲ್ಲಿ, ಸೊಳ್ಳೆಪರದೆಯೊಳಗೆ. ಯೆಲ್ಲೋ ಫೀವರ್ ಇರಬಹುದಂತೆ. ನಮ್ಮ ದೇಶದಲ್ಲಿ ಇಲ್ಲದ ಕಾಯಿಲೆ, ಜೀವಕ್ಕೇ ಬರಬಹುದು. ನನ್ನನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೂ ಅಂಟಿಸೀತು ಎಂದು ಪರದೆ. ರಕ್ತ ದೂರದ ಲ್ಯಾಬಿಗೆ ಹೋಯಿತು.

ನಾಲ್ಕು ದಿನ ಕಾದೆವು. ರಕ್ತದಲ್ಲಿ ಯೆಲ್ಲೋ ಫೀವರಿನ ಆಂಟಿಬಾಡಿ ಪಾಸಿಟಿವ್.

ಕತೆ ಮುಗಿಯಿತು ಎಂದುಕೊಂಡೆ. ಅಲ್ಲಿನ ಡಾಕ್ಟರ್ ಮೇಡಂ ಮಾತ್ರ ನನ್ನ ಪಾಸ್‌ಪೋರ್ಟಿನೊಳಗಿದ್ದ ಲಸಿಕೆಯ ಹಳದಿ ಕಾರ್ಡು ಬಿಡಿಸಿ ನೋಡಿ ನಕ್ಕರು. "ಹೋಗೋ ಮುಂಚೆ ಲಸಿಕೆ ಹಾಕಿಸ್ಕೊಂಡಿದೀರಲ್ಲ. ಲಸಿಕೆ ಹಾಕಿಸ್ಕೊಂಡ್ರೂ ಈ ಟೆಸ್ಟ್ ಪಾಸಿಟಿವ್ ಬರುತ್ತೆ. ಕಾಮಾಲೆಗೆ ಬೇರೆ ಕಾರಣ ಹುಡುಕೋಣ. ನಾಳೆ ಪರದೆ ತೆಗೆದು ಜನರಲ್ ವಾರ್ಡಿಗೆ ಹಾಕ್ತೀವಿ."

ಗಿರಿಜಾ ಕೈಮುಗಿದಳು.

ಆ ಲಸಿಕೆಯನ್ನು ನಾನು ಹಾಕಿಸಿಕೊಂಡೇ ಇರಲಿಲ್ಲ.

ಕೆಲಸಕ್ಕೆ ಕಳಿಸಿದ ಏಜೆಂಟು ಸೀಲು ಹೊಡೆದ ಕಾರ್ಡನ್ನೇ ಕೈಗೆ ಕೊಟ್ಟಿದ್ದ. ಸೂಜಿಗೆ ಹೆದರುವ ಗಂಡಸು ನಾನು. ಒಳ್ಳೆಯದೇ ಆಯಿತೆಂದು ಜೇಬಿಗಿಳಿಸಿದ್ದೆ. ಈಗ ಬಾಯಿ ಬಿಟ್ಟರೆ ಬಣ್ಣಗೇಡು. ಪೊಲೀಸರು ಬರುತ್ತಾರೋ, ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೋ. ಸುಮ್ಮನಿದ್ದರೆ ಬೇಗ ಮನೆ ಸೇರಿ ಮಗಳ ಪಕ್ಕದಲ್ಲಿ ಮಲಗಬಹುದು. ಹೀಗೆಲ್ಲ ಯೋಚಿಸುತ್ತಿದ್ದಾಗ ಗಿರಿಜಾ ಗಂಜಿ ಕೊಡಲು ಪರದೆ ಎತ್ತಿದಳು. ನನ್ನ ಕಾಲ ಬಳಿಯಿಂದ ಎದ್ದ ಒಂದು ಸೊಳ್ಳೆ ಅವಳ ಮೊಣಕೈ ಮೇಲೆ ಕೂತಿತು. ಹೊಡೆದೆ. ಅಂಗೈಯಲ್ಲಿ ರಕ್ತ. ಅದು ನನ್ನದೋ ಅವಳದೋ ತಿಳಿಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೇಡಂ ಅವರನ್ನು ಕರೆಸಿದೆ. "ಕಾರ್ಡು ಸುಳ್ಳು ರೀ ಮೇಡಂ. ಇಂಜೆಕ್ಷನ್ ಹಾಕ್ಸಿಲ್ಲ."

ಅವರು ಬೈಯಲಿಲ್ಲ. "ಮೊದಲೇ ಹೇಳ್ಬಾರ್ದಿತ್ತಾ?" ಎಂದಷ್ಟೇ ಹೇಳಿ, ಪರದೆಯ ಅಂಚನ್ನು ಮತ್ತೆ ಹಾಸಿಗೆಯಡಿ ಸಿಕ್ಕಿಸಿದರು. ಇನ್ನೊಮ್ಮೆ ರಕ್ತ ಹೋಯಿತು, ಈ ಸಲ ನಿಜ ಬರೆದ ಚೀಟಿಯ ಜೊತೆ.

ಬೈದವಳು ಗಿರಿಜಾ. "ಸೊರಬದಲ್ಲಿ ನಮ್ಮಜ್ಜಿ ಮಂಗನ ಕಾಯ್ಲೆ ಇಂಜೆಕ್ಷನ್ನು ಸಾಲಲ್ಲಿ ನಿಂತು ಮೂರ್ ಸಲ ಹಾಕಿಸ್ಕಂಡಿತ್ತು. ನಿಮಗೆ ಒಂದು ಸೂಜಿ ಜಾಸ್ತಿ ಆಯ್ತಾ?" ಆಮೇಲೆ ಮಾತೇ ಬಿಟ್ಟಳು.

ಹತ್ತು ದಿನಕ್ಕೆ ಉತ್ತರ ಬಂತು. ಯೆಲ್ಲೋ ಫೀವರ್ ಅಲ್ಲ, ಡೆಂಗಿ; ಅದೂ ಜೋರಾದರೆ ಲಿವರಿಗೆ ಬಡಿದು ಕಾಮಾಲೆ ತರುತ್ತದಂತೆ. ಎರಡೂ ದಾಯಾದಿ ವೈರಸ್ಸುಗಳಂತೆ; ಒಂದರ ಆಂಟಿಬಾಡಿ ಇನ್ನೊಂದರ ಟೆಸ್ಟಿನಲ್ಲೂ ಪಾಸಿಟಿವ್ ತೋರಿಸುತ್ತದಂತೆ. ಲ್ಯಾಬಿನವರು ಎರಡರ ಟೆಸ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿ ತೀರ್ಮಾನಿಸಿದ್ದರು. ಬಾಯಿ ಬಿಡದೆ ಇದ್ದಿದ್ದರೂ ಹೊಸ ಕಾಯಿಲೆಯೇನೂ ಊರಿಗೆ ಬರುತ್ತಿರಲಿಲ್ಲವೇನೋ. ಆದರೆ ಅದು ಆಗ ಯಾರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದು ತಿಂಗಳಾಯಿತು. ಊರಿನ ಡ್ಯಾಮಿನ ಏರಿ ಹತ್ತಿದರೆ ಇನ್ನೂ ಏದುಸಿರು ಬರುತ್ತದೆ. ಬದುಕಿದ್ದೇನಲ್ಲ, ಸಾಕು. ಮೊನ್ನೆ ಊಟಕ್ಕೆ ಕೂತಾಗ ಕೇಳಿದೆ, "ಇನ್ನೂ ಸಿಟ್ಟೈತೇನು?"

ಗಿರಿಜಾ ತಟ್ಟೆಗೆ ಅನ್ನ ಬಡಿಸಿದಳು. "ಸೊಳ್ಳೆ ನನ್ ಮೇಲೆ ಕೂತಿದ್ದಕ್ಕೆ ಹೇಳಿದ್ರಿ. ಪಕ್ಕದ ಬೆಡ್ಡಿನವರ ಮೇಲೆ ಕೂತಿದ್ರೆ ಹೇಳ್ತಿದ್ರಾ?"

ಹೌದು ಅಂದರೆ ಅದೂ ಆ ಕಾರ್ಡಿನಂಥದೇ ಸುಳ್ಳಾಗುತ್ತಿತ್ತು.